ಪಕ್ಕದ ಮನೆ ಪಾರ್ಟಿ ಹಾಲ್ ಆದರೆ: ಟ್ರೇಡ್ ಲೈಸೆನ್ಸ್ ಇದ್ದ ಮಾತ್ರಕ್ಕೆ ಮುಗಿಯಿತೇ?

ಪ್ರಶ್ನೆ: ನಮ್ಮದು ಮಹಾನಗರ ಪಾಲಿಕೆ ಇರುವ ಒಂದು ಜಿಲ್ಲಾ ಕೇಂದ್ರ. 2009ರಲ್ಲಿ ಅನುಮೋದಿತ ಬಡಾವಣೆಯಲ್ಲಿ 30×40 ಸೈಟು ಕೊಂಡು ಮನೆ ಕಟ್ಟಿದೆವು. ಮುಂದಿನ ರಸ್ತೆ 30 ಅಡಿ. ಎರಡು ವರ್ಷದ ಹಿಂದೆ ಪಕ್ಕದ ಎರಡು ಸೈಟುಗಳನ್ನು ಒಬ್ಬರೇ ಕೊಂಡು, ಹಳೇ ಮನೆ ಕೆಡವಿ, ಕೆಳಗೆ ಪಾರ್ಟಿ ಹಾಲ್, ಮೇಲೆ ಪಿಜಿ ಮಾಡಿದ್ದಾರೆ. ವಾರಕ್ಕೆ ಮೂರು ದಿನ ಡಿಜೆ, ಗೇಟಿಗೆ ಅಡ್ಡ ಕಾರು, ರಾತ್ರಿಯೆಲ್ಲ ಜನರೇಟರ್. ಪಾಲಿಕೆಗೆ ದೂರು ಕೊಟ್ಟರೆ "ಅವರಿಗೆ ಟ್ರೇಡ್ ಲೈಸೆನ್ಸ್ ಇದೆ, ಕಮರ್ಷಿಯಲ್ ಟ್ಯಾಕ್ಸ್ ಕಟ್ಟುತ್ತಿದ್ದಾರೆ" ಎನ್ನುತ್ತಾರೆ. ನಾವೂ ಗ್ಯಾರೇಜನ್ನು ಒಬ್ಬ ಹುಡುಗನಿಗೆ ಜೆರಾಕ್ಸ್ ಅಂಗಡಿ ಇಡಲು ಬಾಡಿಗೆಗೆ ಕೊಟ್ಟಿದ್ದೇವೆ, ಅದರಿಂದ ಯಾರಿಗೂ ತೊಂದರೆ ಇಲ್ಲ. ಈಗ ಬಡಾವಣೆಯ ಕೊನೆಯಲ್ಲಿರುವ ಪಾರ್ಕ್ ಜಾಗವನ್ನು ಒಂದು ಸಂಘಕ್ಕೆ ಸಮುದಾಯ ಭವನ ಕಟ್ಟಲು ಕೊಡುತ್ತಾರೆಂಬ ಸುದ್ದಿ. ಇಂಥ ವಿಷಯಕ್ಕೆಂದೇ ಬೇರೆ ವಕೀಲರು ಇರುತ್ತಾರಾ? ಅವರಿಂದ ಏನಾಗುತ್ತದೆ?

ಉತ್ತರ: ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ಜೆರಾಕ್ಸ್ ಅಂಗಡಿಯಿಂದಲೇ ಶುರು ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಕ್ಕದ ಮನೆಯವರ ಮೇಲೆ ದೂರು ಹೊತ್ತು ನನ್ನ ಕಚೇರಿಗೆ ಬಂದವರನ್ನೆಲ್ಲ ನಾನು ಮೊದಲು ಕೇಳುವುದು, "ನಿಮ್ಮ ಮನೆ ಪ್ಲಾನ್ ತಂದಿದ್ದೀರಾ?" ಅಂತ. ಹೆಚ್ಚಿನವರು ತಂದಿರುವುದಿಲ್ಲ. ಪಕ್ಕದ ಕಟ್ಟಡದ ಮೂವತ್ತು ಫೋಟೊ, ನಾಲ್ಕು ವಿಡಿಯೊ ಮೊಬೈಲಿನಲ್ಲಿ ಸಿದ್ಧ ಇರುತ್ತವೆ. ತಮ್ಮದೇ ಮನೆಯ ಮಂಜೂರಾದ ನಕ್ಷೆ ಎಲ್ಲಿದೆ ಎಂದರೆ "ಬ್ಯಾಂಕಲ್ಲಿ ಇರಬೇಕು ಸಾರ್" ಎಂಬ ಉತ್ತರ.

ನಿಮ್ಮ ಮಂಜೂರಾತಿ ನಕ್ಷೆಯಲ್ಲಿ ಆ ಗ್ಯಾರೇಜು "ಕಾರ್ ಪಾರ್ಕಿಂಗ್" ಎಂದೇ ಇರುತ್ತದೆ. ಅಲ್ಲಿ ಅಂಗಡಿ ಇಟ್ಟರೆ ವಲಯ ನಿಯಮ (ಊರಿನ ಯಾವ ಭಾಗದಲ್ಲಿ ಯಾವ ಬಳಕೆ ನಡೆಯಬಹುದು ಎಂಬ ನಿಯಮ) ಅಂಗಡಿಗೆ ಒಪ್ಪಿದರೂ ನಕ್ಷೆಯ ಉಲ್ಲಂಘನೆ ಆಗಿಯೇ ಆಗುತ್ತದೆ. ನೀವು ದೂರು ಕೊಟ್ಟ ಮರುವಾರ ಪಕ್ಕದವರ ವಕೀಲರು ನಿಮ್ಮ ಮೇಲೊಂದು ದೂರು ಕೊಡುತ್ತಾರೆ. ಪಾಲಿಕೆಯವರು ಸ್ಥಳ ತನಿಖೆಗೆ ಬಂದರೆ ಇಬ್ಬರಿಗೂ ನೋಟಿಸ್ ಕೊಟ್ಟು ಹೋಗುತ್ತಾರೆ. ಹೈಕೋರ್ಟಿನಲ್ಲಿ ಮೊದಲ ಪ್ರಶ್ನೆಯೇ ನಿಮ್ಮ ಕಡೆ ತಿರುಗುತ್ತದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣಕ್ಕೆ ಬೊಟ್ಟು ಮಾಡಿದ ಎನ್ನುತ್ತಾರಲ್ಲ, ಹಾಗಾಗುತ್ತದೆ. ನಿಮ್ಮ ವಿಷಯದಲ್ಲಿ ನೊಣ ನಿಮ್ಮ ಎಲೆಯಲ್ಲಿದೆ, ಹೆಗ್ಗಣ ಅವರ ಎಲೆಯಲ್ಲಿ. ಆದರೂ ನೊಣ ನೊಣವೇ. ಆ ಹುಡುಗನಿಗೆ ಎರಡು ಮೂರು ತಿಂಗಳು ಸಮಯ ಕೊಟ್ಟು, ಮುಖ್ಯರಸ್ತೆಯಲ್ಲಿ ಮಳಿಗೆ ನೋಡಿಕೊಳ್ಳಲು ಹೇಳಿ. ಗ್ಯಾರೇಜು ಮತ್ತೆ ಗ್ಯಾರೇಜಾದ ಮೇಲೆ ದಿನಾಂಕ ಬರುವಂತೆ ಒಂದು ಫೋಟೊ ತೆಗೆದಿಡಿ. ಜತೆಗೆ ಮನೆ ಸುತ್ತ ಬಿಟ್ಟ ಜಾಗವನ್ನು, ಅಂದರೆ ಸೆಟ್‌ಬ್ಯಾಕನ್ನು, ಟೇಪು ಹಿಡಿದು ಅಳೆದು ನಕ್ಷೆಯ ಜತೆ ತಾಳೆ ನೋಡಿ. ಹಿಂಬದಿಯಲ್ಲಿ ಶೀಟು ಹಾಕಿ ಬಚ್ಚಲು ಮಾಡಿಕೊಂಡಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಇನ್ನು, ಇಂಥದ್ದಕ್ಕೇ ಬೇರೆ ವಕೀಲರು ಇರುತ್ತಾರಾ ಎಂದು ಕೇಳಿದ್ದೀರಿ. ಅಮೆರಿಕದಲ್ಲಿ "ಜೋನಿಂಗ್ ಲಾಯರ್" ಎಂಬ ಬೋರ್ಡೇ ನೇತುಹಾಕುತ್ತಾರೆ. ನಮ್ಮಲ್ಲಿ ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ವಕೀಲರ ನಾಮಫಲಕದ ಮೇಲೆ ಇಂಥ ವಿಷಯದಲ್ಲಿ ಪರಿಣತ ಎಂದು ಬರೆಯುವಂತಿಲ್ಲ. ಹಾಗಾಗಿ ಬೋರ್ಡು ಹುಡುಕಿದರೆ ಸಿಗುವುದಿಲ್ಲ. ಆದರೆ ಪ್ರತಿ ಜಿಲ್ಲಾ ಕೇಂದ್ರದಲ್ಲೂ ನಗರಾಭಿವೃದ್ಧಿ ಪ್ರಾಧಿಕಾರ, ಪಾಲಿಕೆ, ತಹಶೀಲ್ದಾರ್ ಕಚೇರಿಗಳ ಫೈಲುಗಳನ್ನೇ ಓದಿ ಕೂದಲು ಹಣ್ಣಾದ ಇಬ್ಬರು ಮೂವರು ವಕೀಲರು ಇರುತ್ತಾರೆ. ಕ್ರಯಪತ್ರ, ಋಣಭಾರ ಪತ್ರ, ವಂಶವೃಕ್ಷ ನೋಡಿ ಹಕ್ಕು ಯಾರದು ಎಂದು ಹೇಳುವವರು ಒಂದು ಬಗೆ. ಜಾಗ ಯಾರದ್ದೇ ಆಗಿರಲಿ, ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂದು ಹೇಳುವವರು ಇನ್ನೊಂದು ಬಗೆ. ನಿಮಗೆ ಬೇಕಾದವರು ಎರಡನೆಯವರು. ಅವರನ್ನು ಗುರುತಿಸಲು ನನಗೆ ಗೊತ್ತಿರುವ ಸುಲಭ ದಾರಿ ಇದು: ನಿಮ್ಮ ಊರಿನ ಮಾಸ್ಟರ್ ಪ್ಲಾನಿನ, ಅಂದರೆ ಊರಿನ ಭೂ ಬಳಕೆಯ ಯೋಜನೆಯ, ಈಗ ಜಾರಿಯಲ್ಲಿರುವ ವಲಯ ನಿಯಮಾವಳಿಯ ಪುಸ್ತಕ ನಿಮ್ಮ ಹತ್ತಿರ ಇದೆಯಾ ಎಂದು ಕೇಳಿ. ಇದ್ದವರು ಎದ್ದು ಹೋಗಿ ಬೀರು ತೆಗೆಯುತ್ತಾರೆ.

ಈ ಮಾತನ್ನು ನಾನು ಪೆಟ್ಟು ತಿಂದೇ ಕಲಿತದ್ದು. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ವರ್ಕ್‌ಶಾಪ್ ವಿರುದ್ಧ ರಿಟ್ (ಅಧಿಕಾರಿಗಳು ಕಾನೂನಿನಂತೆ ನಡೆಯಲಿ ಎಂದು ಹೈಕೋರ್ಟಿಗೆ ಕೊಡುವ ಅರ್ಜಿ) ಹಾಕಿದ್ದೆ. ಹಿರಿಯರೊಬ್ಬರ ಕಚೇರಿಯಿಂದ ತಂದ ನಿಯಮಾವಳಿಯ ಜೆರಾಕ್ಸ್ ಪ್ರತಿಯನ್ನು ಅನುಬಂಧವಾಗಿ ಲಗತ್ತಿಸಿದ್ದೆ. ಎದುರು ವಕೀಲರು ಎದ್ದು ನಿಂತು, "ಸ್ವಾಮಿ, ಇದು ಪರಿಷ್ಕರಣೆಗೆ ಮುಂಚಿನದು" ಎಂದು ಹೊಸ ಪುಸ್ತಕ ಮುಂದಿಟ್ಟರು. ಹೊಸದರಲ್ಲಿ ಆ ರಸ್ತೆ ಬದಿ ವಾಣಿಜ್ಯಕ್ಕೆ ತೆರೆದುಕೊಂಡಿತ್ತು. ಐದು ನಿಮಿಷದಲ್ಲಿ ಕೇಸು ಮುಗಿಯಿತು. ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಅದು ಹೇಳಿದ ಹೊತ್ತಿಗೆ ನಡೆಯುವುದಿಲ್ಲ ಎಂಬುದು ಬೇರೆ ಮಾತು. ಬೆಂಗಳೂರಿನಲ್ಲಿ 2007ರಲ್ಲಿ ಒಪ್ಪಿಗೆ ಪಡೆದ, 2015ನೇ ಇಸವಿಯನ್ನು ಗುರಿಯಾಗಿಟ್ಟ ಯೋಜನೆಯ ಮೇಲೆಯೇ ಆ ಇಸವಿ ಕಳೆದು ಎಷ್ಟೋ ವರ್ಷ ಕೆಲಸ ನಡೆದಿದೆ.

ಈಗ ಟ್ರೇಡ್ ಲೈಸೆನ್ಸಿಗೆ ಬರೋಣ. ಪಾಲಿಕೆಯಲ್ಲಿ ಈ ಲೈಸೆನ್ಸ್ ಕೊಡುವುದು ಆರೋಗ್ಯ ಶಾಖೆ. ಚರಂಡಿ, ಕಸ, ಅಡುಗೆಮನೆಯ ಶುಚಿ, ಬೆಂಕಿ ಆರಿಸುವ ಸಿಲಿಂಡರ್ ಇವನ್ನು ನೋಡುತ್ತಾರೆ, ಶುಲ್ಕ ಕಟ್ಟಿಸಿಕೊಳ್ಳುತ್ತಾರೆ, ಪತ್ರ ಕೊಡುತ್ತಾರೆ. ಮಾಸ್ಟರ್ ಪ್ಲಾನಿನ ನಕ್ಷೆ ಆ ಮೇಜಿನ ಮೇಲೆ ಇರುವುದೇ ಇಲ್ಲ. ಕಮರ್ಷಿಯಲ್ ಟ್ಯಾಕ್ಸ್ ಕಟ್ಟಿಸಿಕೊಳ್ಳುವುದು ಕಂದಾಯ ಶಾಖೆ. ಕಟ್ಟಡ ಯಾವ ರೀತಿ ಬಳಕೆಯಲ್ಲಿದೆಯೋ ಅದಕ್ಕೆ ತಕ್ಕ ತೆರಿಗೆ ವಸೂಲಿ ಮಾಡುವುದು ಅವರ ಕೆಲಸ, ಆ ಬಳಕೆ ಸರಿಯೇ ತಪ್ಪೇ ಎಂದು ತೀರ್ಮಾನಿಸುವುದಲ್ಲ. ಪರವಾನಗಿಯಿಲ್ಲದ ಕಟ್ಟಡಕ್ಕೆ ಎರಡರಷ್ಟು ತೆರಿಗೆ ಹಾಕುವ ಅವಕಾಶವೂ ಪಾಲಿಕೆ ಕಾಯ್ದೆಯಲ್ಲಿದೆ. ಹಾಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಯಿತು ಅಂತಲ್ಲ. ವಾಣಿಜ್ಯ ದರದ ಕರೆಂಟ್ ಮೀಟರ್ ಕೂಡ ಹಾಗೆಯೇ. ಒಬ್ಬ ಮನುಷ್ಯನ ಹತ್ತಿರ ಈ ಮೂರೂ ಇದ್ದು, ಆ ಜಾಗದಲ್ಲಿ ಆ ವ್ಯಾಪಾರ ಮಾಡುವ ಹಕ್ಕು ಮಾತ್ರ ಇಲ್ಲದೆ ಹೋಗಬಹುದು. ನಿಮಗೆ ಉತ್ತರ ಕೊಟ್ಟ ಗುಮಾಸ್ತರು ಸುಳ್ಳು ಹೇಳಿದರು ಅನ್ನುವುದಿಲ್ಲ. ನೀವು ಕೇಳಿದ ಪ್ರಶ್ನೆಗೆ ಅವರು ತಮ್ಮ ಶಾಖೆಯ ಉತ್ತರ ಕೊಟ್ಟರು, ಅಷ್ಟೆ.

ಇದಕ್ಕೆ ಈಗ ಒಂದು ಗಟ್ಟಿ ಆಧಾರವೂ ಸಿಕ್ಕಿದೆ. ಉತ್ತರ ಪ್ರದೇಶದ ಮೀರತ್‌ನ ಶಾಸ್ತ್ರಿ ನಗರದಲ್ಲಿ ವಾಸಕ್ಕೆಂದು ಹಂಚಿದ ಒಂದು ನಿವೇಶನದಲ್ಲಿ ಅಂಗಡಿಗಳು ಎದ್ದಿದ್ದವು. ಅವನ್ನು ಕೆಡವಬೇಕೆಂದು ಅಲಹಾಬಾದ್ ಹೈಕೋರ್ಟ್ 2014ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, ಇಡೀ ದೇಶಕ್ಕೆ ಅನ್ವಯಿಸುವಂತೆ ಒಂದಷ್ಟು ನಿರ್ದೇಶನ ಕೊಟ್ಟಿತು. ಅದರಲ್ಲಿ ನಿಮಗೆ ಬೇಕಾದದ್ದು ಒಂದಿದೆ: ಅನಧಿಕೃತ ಕಟ್ಟಡದಲ್ಲಿ, ಅದು ವಾಸದ್ದಾಗಲಿ ವಾಣಿಜ್ಯದ್ದಾಗಲಿ, ವ್ಯಾಪಾರ ನಡೆಸಲು ಸ್ಥಳೀಯ ಸಂಸ್ಥೆ ಸೇರಿ ಯಾವ ಪ್ರಾಧಿಕಾರವೂ ಪರವಾನಗಿ ಕೊಡಕೂಡದು. ಇಷ್ಟು ವರ್ಷ ಇಷ್ಟು ದುಡ್ಡು ಸುರಿದಿದ್ದೇವೆ ಎಂಬ ವಾದವನ್ನೂ ಕೋರ್ಟು ಒಪ್ಪಲಿಲ್ಲ. ನಿಮ್ಮ ಮುಂದಿನ ಅರ್ಜಿಯಲ್ಲಿ ಈ ತೀರ್ಪಿನ ದಿನಾಂಕ ಇರಲಿ. ಆರೋಗ್ಯ ಶಾಖೆಯವರೂ ಆಗ ಒಮ್ಮೆ ನಗರ ಯೋಜನಾ ಶಾಖೆಗೆ ಫೈಲು ಕಳಿಸಿ ಅಭಿಪ್ರಾಯ ಕೇಳುತ್ತಾರೆ.

ಹಾಗಾದರೆ ಹಕ್ಕು ತೀರ್ಮಾನ ಮಾಡುವುದು ಯಾವುದು? 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಅದರ ಕೆಳಗೆ ನಿಮ್ಮ ಊರಿಗೆ ಜಾರಿಯಾದ ಮಾಸ್ಟರ್ ಪ್ಲಾನ್ ನಕ್ಷೆ, ಅದರ ಜತೆಗಿನ ವಲಯ ನಿಯಮಾವಳಿ. ಆ ಕಾಯ್ದೆಯ 14ನೇ ಕಲಂ ಪ್ರಕಾರ ಯೋಜನೆ ಜಾರಿಯಾದ ಮೇಲೆ ಜಮೀನಿನ ಪ್ರತಿ ಬಳಕೆಯೂ ಅದಕ್ಕೆ ಹೊಂದಿಕೊಂಡೇ ಇರಬೇಕು. ನಕ್ಷೆಯಲ್ಲಿ ಹಳದಿ ಎಂದರೆ ವಾಸ, ನೀಲಿ ಎಂದರೆ ವಾಣಿಜ್ಯ. ಹಳದಿಯಲ್ಲಿ ಅಂಗಡಿಯೇ ಕೂಡದು ಅಂತೇನಿಲ್ಲ. ಪ್ರತಿ ವಲಯಕ್ಕೂ ಎರಡು ಪಟ್ಟಿ ಇರುತ್ತವೆ: ನೇರವಾಗಿ ಅನುಮತಿ ಇರುವ ಬಳಕೆಗಳು, ವಿಶೇಷ ಸಂದರ್ಭದಲ್ಲಿ ಯೋಜನಾ ಪ್ರಾಧಿಕಾರ (ಹೆಚ್ಚಾಗಿ ನಿಮ್ಮ ಊರಿನ ನಗರಾಭಿವೃದ್ಧಿ ಪ್ರಾಧಿಕಾರವೇ) ಒಪ್ಪಿದರೆ ಮಾತ್ರ ನಡೆಯುವ ಬಳಕೆಗಳು. ವೈದ್ಯರೋ ವಕೀಲರೋ ತಾವು ವಾಸವಿರುವ ಮನೆಯ ಒಂದು ಕೋಣೆಯಲ್ಲಿ ಕೂರುವುದು, ಸಣ್ಣಪುಟ್ಟ ದಿನಬಳಕೆಯ ಅಂಗಡಿ ಇವು ಸಾಮಾನ್ಯವಾಗಿ ಮೊದಲ ಪಟ್ಟಿಯ ಸಮೀಪ ಇರುತ್ತವೆ. ಜನ ಸೇರುವ ಸಭಾಂಗಣ, ಕಲ್ಯಾಣ ಮಂಟಪದಂಥವಕ್ಕೆ ನಿವೇಶನದ ವಿಸ್ತೀರ್ಣ, ರಸ್ತೆಯ ಅಗಲ, ಪಾರ್ಕಿಂಗ್ ಇವುಗಳ ಷರತ್ತು ಅಂಟಿಕೊಂಡಿರುತ್ತದೆ. ಎರಡು ಸೈಟು ಸೇರಿ 2,400 ಚದರಡಿ, ಮುಂದೆ 30 ಅಡಿ ರಸ್ತೆ. ಅಲ್ಲಿ ಪಾರ್ಟಿ ಹಾಲಿಗೆ ಈ ಷರತ್ತುಗಳನ್ನು ದಾಟಲು ಬಹಳ ಕಷ್ಟ. ನಿಮ್ಮ ಊರಿನ ಪುಸ್ತಕ ನೋಡದೆ ಇದಕ್ಕಿಂತ ಹೆಚ್ಚು ಹೇಳುವುದು ನನಗೆ ಶೋಭಿಸದು.

ನಕ್ಷೆ ನೋಡುವುದೂ ಒಂದು ಕೆಲಸವೇ. ಪ್ರಾಧಿಕಾರದ ಕಚೇರಿಗೆ ಹೋದರೆ ಗೋಡೆ ಮೇಲೆ ಬಣ್ಣ ಮಾಸಿದ ದೊಡ್ಡ ನಕ್ಷೆ ಇರುತ್ತದೆ. ಕೇಸ್ ವರ್ಕರ್ ಬೆರಳಿಟ್ಟು "ಇಲ್ಲೇ ಬರುತ್ತೆ ನಿಮ್ಮದು" ಎನ್ನುತ್ತಾರೆ. ಆ ಬೆರಳ ತುದಿಯ ಕೆಳಗೆ ಒಂದು ಬಡಾವಣೆಯೇ ಮುಳುಗಿಹೋಗಿರುತ್ತದೆ. ಲೆಕ್ಕ ಹಾಕಿ: 1:10,000 ಪ್ರಮಾಣದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 10 ಮೀಟರ್. ನಿಮ್ಮ 30 ಅಡಿ ಅಗಲದ ಸೈಟು 9 ಮೀಟರ್ ಚಿಲ್ಲರೆ. ಹಳದಿಗೂ ನೀಲಿಗೂ ನಡುವೆ ಎಳೆದ ಗೆರೆಯ ಮಸಿಯ ದಪ್ಪದೊಳಗೇ ನಿಮ್ಮ ಇಡೀ ಮನೆ ಅಡಗಬಲ್ಲದು. ಇಂಥ ಕಡೆ ಎರಡೂ ಕಡೆಯವರು ಗೆರೆ ತಮ್ಮ ಪರ ಎನ್ನುತ್ತಾರೆ. ಆಗ ನಾವು ಸರ್ವೆ ನಂಬರಿನ ಗ್ರಾಮ ನಕ್ಷೆ, ಬಡಾವಣೆಯ ಅನುಮೋದಿತ ನಕ್ಷೆ, ಯೋಜನಾ ವರದಿಯ ಪಠ್ಯ ಇವನ್ನು ಒಂದರ ಮೇಲೊಂದು ಹಾಕಿ ಕೂರುತ್ತೇವೆ. ನಿಮಗೆ ಇಷ್ಟು ತಲೆನೋವು ಬೇಡ. ಸೈಟು ನಂಬರು, ಸರ್ವೆ ನಂಬರು ಹಾಕಿ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಭೂ ಉಪಯೋಗದ ದೃಢೀಕರಣ ಪತ್ರ ಪಡೆಯಿರಿ. ಬೆರಳು ತೋರಿಸಿದ್ದು ಸಾಕ್ಷಿಯಲ್ಲ, ಸಹಿ ಮಾಡಿದ್ದು ಸಾಕ್ಷಿ.

ಪಕ್ಕದವರನ್ನು ಕೇಳಿದರೆ ಬಹುಶಃ "ನಮ್ಮದು ಕನ್ವರ್ಷನ್ ಆಗಿದೆ" ಎನ್ನುತ್ತಾರೆ. ಈ ಮಾತಿನಲ್ಲಿ ನಮ್ಮ ಜನ ಬಹಳ ಜಾರುತ್ತಾರೆ, ಕೆಲವು ವಕೀಲರೂ ಜಾರುತ್ತಾರೆ. ಭೂ ಪರಿವರ್ತನೆ ಬೇರೆ, ಭೂ ಉಪಯೋಗ ಬದಲಾವಣೆ ಬೇರೆ. ಮೊದಲನೆಯದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ, ಹೊಲ ಗದ್ದೆಯನ್ನು ಕೃಷಿಯೇತರ ಮಾಡುವುದು, ಜಿಲ್ಲಾಧಿಕಾರಿಗಳದ್ದು. ಹಳಬರು ಅನ್ಯಕ್ರಾಂತ ಎನ್ನುತ್ತಿದ್ದರು. ನಿಮ್ಮ ಬಡಾವಣೆ ಎಂದೋ ಹೊಲವಾಗಿದ್ದಾಗ ಅದು ನಡೆದುಹೋಗಿದೆ, ಆ ಆದೇಶದಲ್ಲಿ "ವಾಸದ ಉದ್ದೇಶಕ್ಕೆ" ಎಂದು ಬರೆದೂ ಇರುತ್ತದೆ. ಎರಡನೆಯದು ಯೋಜನಾ ಕಾಯ್ದೆಯ 14-ಎ ಕಲಂ. ಮಾಸ್ಟರ್ ಪ್ಲಾನಿನ ಹಳದಿ ತುಂಡನ್ನು ನೀಲಿ ಮಾಡುವುದು. ಇದಕ್ಕೆ ಯೋಜನಾ ಪ್ರಾಧಿಕಾರ ಮುಂದಾಗಬೇಕು, ಸರ್ಕಾರದ ಪೂರ್ವಾನುಮೋದನೆ ಬೇಕು, ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು.

ಆ 15 ದಿನದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನನ್ನ ಅನುಭವದಲ್ಲಿ ಇಂಥ ಜಗಳಗಳು ಗೆಲ್ಲುವುದೂ ಸೋಲುವುದೂ ಅಲ್ಲಿಯೇ. ಕೋರ್ಟಿಗೆ ಬರುವ ಹೊತ್ತಿಗೆ ಕಟ್ಟಡ ಎದ್ದಿರುತ್ತದೆ, ಸಾಲ ಹುಟ್ಟಿರುತ್ತದೆ, ಕೆಲಸಗಾರರು ಇರುತ್ತಾರೆ, ಎಲ್ಲರಿಗೂ ಮನಸ್ಸು ಮೆತ್ತಗಾಗುತ್ತದೆ. ಆಕ್ಷೇಪಣೆಯ ಹೊತ್ತಿಗೆ ಅಲ್ಲಿ ಇರುವುದು ಬರೀ ಕಾಗದ. ಆದರೆ ಆ ಪ್ರಕಟಣೆ ಬರುವುದು ಒಳಪುಟದಲ್ಲಿ, ಹೆಸರು ಬದಲಾವಣೆ, ಕಳೆದುಹೋದ ಅಂಕಪಟ್ಟಿ, ಶ್ರದ್ಧಾಂಜಲಿಗಳ ನಡುವೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ನನಗೆ ಗೊತ್ತಿರುವ ಒಂದು ಬಡಾವಣೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ದಿನಾ ಬೆಳಿಗ್ಗೆ ಕಾಫಿ ಲೋಟದ ಪಕ್ಕ ಕತ್ತರಿ ಇಟ್ಟುಕೊಂಡೇ ಪೇಪರ್ ಓದುತ್ತಿದ್ದರು. ತಮ್ಮ ಸರ್ವೆ ನಂಬರ್ ಕಂಡರೆ ಕತ್ತರಿಸಿ ಪುಸ್ತಕಕ್ಕೆ ಅಂಟಿಸುವುದು. ಒಂದು ಸಲ ಹೀಗೆ ಸಿಕ್ಕ ಪ್ರಕಟಣೆಗೆ ಹನ್ನೊಂದು ಮನೆಯವರು ಬೇರೆ ಬೇರೆಯಾಗಿ ಆಕ್ಷೇಪಣೆ ಕೊಟ್ಟರು. ಒಂದೇ ಅರ್ಜಿಗೆ ಹನ್ನೊಂದು ಸಹಿ ಹಾಕಿದ್ದಲ್ಲ. "ನಮಗೆ ತೊಂದರೆಯಾಗುತ್ತದೆ" ಎಂದೂ ಯಾರೂ ಬರೆಯಲಿಲ್ಲ. ಮೇಷ್ಟ್ರು ಪಾಠ ಹೇಳಿದ ಹಾಗೆ ಹೇಳಿಕೊಟ್ಟಿದ್ದರು: ರಸ್ತೆ ಎಷ್ಟು ಅಡಿ, ಒಳಚರಂಡಿ ಪೈಪು ಎಷ್ಟು ಇಂಚು, ಹತ್ತಿರದ ಶಾಲೆ ಎಷ್ಟು ದೂರ, ಈಗಾಗಲೇ ಇದೇ ವಾರ್ಡಿನಲ್ಲಿ ಖಾಲಿ ಬಿದ್ದಿರುವ ವಾಣಿಜ್ಯ ಜಾಗ ಎಷ್ಟು, ಹೀಗಿರುವಾಗ ಸಾರ್ವಜನಿಕ ಹಿತ ಎಲ್ಲಿದೆ. ಅರ್ಜಿದಾರರು ತಾವೇ ಅರ್ಜಿ ಹಿಂದಕ್ಕೆ ಪಡೆದರು.

ನಿಮ್ಮ ಪಕ್ಕದವರು 14-ಎ ಅಡಿ ಅರ್ಜಿ ಹಾಕಿದ್ದರೇ ಎಂಬುದನ್ನು ಮೊದಲು ತಿಳಿಯಬೇಕು. ಮಾಹಿತಿ ಹಕ್ಕಿನಲ್ಲಿ ಕೇಳಿ, ಆದರೆ ನಮ್ಮ ರಾಜ್ಯದ ನಿಯಮ ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಎಲ್ಲ ಸಂಕಟವನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ಅದೇ ನೆಪದಲ್ಲಿ ಹಿಂದಕ್ಕೆ ಬರುತ್ತದೆ. ನಾಲ್ಕು ಅರ್ಜಿ ಮಾಡಿ, ತಲಾ 10 ರೂಪಾಯಿ. ಪಾಲಿಕೆಯ ನಗರ ಯೋಜನಾ ಶಾಖೆಗೆ ಒಂದು: ಆ ಸೈಟು ನಂಬರುಗಳ ಮಂಜೂರಾತಿ ನಕ್ಷೆ, ಕಟ್ಟಡ ಪರವಾನಗಿ, ಎರಡು ನಿವೇಶನ ಒಗ್ಗೂಡಿಸಿದ ಆದೇಶ, ಸ್ವಾಧೀನಾನುಭವ ಪತ್ರ (ಕಟ್ಟಡ ನಕ್ಷೆಯಂತೆ ಮುಗಿದಿದೆ, ಬಳಸಬಹುದು ಎಂಬ ಪತ್ರ). ಆರೋಗ್ಯ ಶಾಖೆಗೆ ಇನ್ನೊಂದು: ಟ್ರೇಡ್ ಲೈಸೆನ್ಸ್ ಫೈಲು, ಟಿಪ್ಪಣಿ ಹಾಳೆ ಸಮೇತ. ಪ್ರಾಧಿಕಾರಕ್ಕೆ ಮೂರನೆಯದು, ಭೂ ಉಪಯೋಗ ಬದಲಾವಣೆ ಕುರಿತು. ನಾಲ್ಕನೆಯದೂ ಪ್ರಾಧಿಕಾರಕ್ಕೇ, ಅದು ಪಾರ್ಕಿನದು, ಮುಂದೆ ಹೇಳುತ್ತೇನೆ. ಉತ್ತರಕ್ಕೆ 30 ದಿನ. ಇದು ಮೂರನೆಯವರ ಮಾಹಿತಿ, ಕೊಡಲಾಗದು ಎಂದು ನಕ್ಷೆ ನಿರಾಕರಿಸಿದರೆ ಮೊದಲ ಮೇಲ್ಮನವಿ ಹಾಕಿ.

ಟಿಪ್ಪಣಿ ಹಾಳೆಯನ್ನು ಕೇಳಲು ಮರೆಯಬೇಡಿ. ಆದೇಶದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಟಿಪ್ಪಣಿ ಹಾಳೆಯಲ್ಲಿ ಕಿರಿಯ ಎಂಜಿನಿಯರ್ ಎಲ್ಲೋ ಒಂದು ಕಡೆ ಪೆನ್ನಿನಲ್ಲಿ "ಸದರಿ ಸ್ವತ್ತು ವಾಸ ವಲಯದಲ್ಲಿದ್ದು" ಎಂದು ಬರೆದಿರುತ್ತಾನೆ, ಅದರ ಕೆಳಗೆ ಮೇಲಿನವರು "ಚರ್ಚಿಸಿದೆ, ಮಂಡಿಸಿ" ಎಂದು ಗೀಚಿರುತ್ತಾರೆ. ಆ ಒಂದು ಸಾಲು ಸಿಕ್ಕರೆ ನನ್ನ ಅರ್ಧ ಕೆಲಸ ಮುಗಿದಂತೆ.

ಕಾಗದ ಕೈಗೆ ಬಂದ ಮೇಲೆ ದೂರು ಎರಡಾಗಿ ಸೀಳುತ್ತದೆ. ಮಂಜೂರಾತಿ ನಕ್ಷೆಯಲ್ಲಿ ಎರಡು ಮಹಡಿ ಮನೆ ಎಂದಿದ್ದು ನಿಂತಿರುವುದು ಬೇರೆಯೇ ಆದರೆ, ಅದು ಕಟ್ಟಡದ ಉಲ್ಲಂಘನೆ. ಪಾಲಿಕೆ ಆಯುಕ್ತರು 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 321ನೇ ಕಲಂನಲ್ಲಿ ತಾತ್ಕಾಲಿಕ ಆದೇಶ ಮಾಡಿ, ಕಾರಣ ಕೇಳಿ, ಆಮೇಲೆ ದೃಢೀಕರಿಸಬೇಕು. ಅದರ ಮೇಲೆ ಅವರು ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗುತ್ತಾರೆ, ತಡೆ ತರುತ್ತಾರೆ. ಆ ಸುದ್ದಿ ಕೇಳಿ ಎದೆಗುಂದಬೇಡಿ, ಹಾಗೆ ನಡೆಯುವುದೇ ರೂಢಿ. ಬಳಕೆಯ ಉಲ್ಲಂಘನೆಗೆ ಯೋಜನಾ ಕಾಯ್ದೆಯ 15ನೇ ಕಲಂ ಇದೆ. ಆ ಬಳಕೆ ನಿಲ್ಲಿಸು ಎಂದು ಯೋಜನಾ ಪ್ರಾಧಿಕಾರ ನೋಟಿಸ್ ಕೊಡಬಹುದು. ನೀವು ಇಷ್ಟು ದಿನ ಬರೀ ಪಾಲಿಕೆಗೆ ಅಲೆದಿದ್ದೀರಿ. ಪ್ರಾಧಿಕಾರದ ಆಯುಕ್ತರಿಗೆ ಬರೆದೇ ಇಲ್ಲ ಅನ್ನಿಸುತ್ತದೆ.

ಅರ್ಜಿಯಲ್ಲಿ ಕಣ್ಣೀರು ಬೇಡ. ಯಾವ ಸೈಟು, ಯಾವ ವಲಯ, ಯಾವ ಕಲಂ, ಏನು ಮಾಡಬೇಕು, ಇಷ್ಟೇ. ಆವಕ ಶಾಖೆಯ ಸೀಲು ನಿಮ್ಮ ಪ್ರತಿಯ ಮೇಲೆ ಬೀಳಲಿ. ಏಕೆಂದರೆ ಅವರು ಸುಮ್ಮನೆ ಕೂತರೆ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯ ರಿಟ್ ಹಾಕುವಾಗ ನಿಮ್ಮ ಬಂಡವಾಳ ಆ ಸೀಲೇ. ನಿಮ್ಮ ಜಿಲ್ಲೆಗೆ ತಕ್ಕಂತೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಇಂಥ ರಿಟ್‌ಗಳಲ್ಲಿ ಅನೇಕ ಸಲ ಬರುವ ಆದೇಶ "ಅರ್ಜಿದಾರರ ಮನವಿಯನ್ನು ಇಷ್ಟು ವಾರದಲ್ಲಿ ಪರಿಗಣಿಸಿ ಇತ್ಯರ್ಥ ಮಾಡಿ" ಎಂಬುದು. ಕಕ್ಷಿದಾರರು ಇಷ್ಟೇನಾ ಎಂದು ಮುಖ ಸಣ್ಣ ಮಾಡುತ್ತಾರೆ. ಪರಿಗಣಿಸಬೇಕಾದ ಮನವಿಯೇ ಮಸುಕಾಗಿದ್ದರೆ ಬರುವ ಇತ್ಯರ್ಥವೂ ಮಸುಕೇ. ಮನವಿ ಗಟ್ಟಿಯಿದ್ದರೆ ಅದೇ ಸಣ್ಣ ಆದೇಶ ಅಧಿಕಾರಿಯ ಕುರ್ಚಿ ಬಿಸಿ ಮಾಡುತ್ತದೆ, ಗಡುವು ಮೀರಿದರೆ ನ್ಯಾಯಾಂಗ ನಿಂದನೆ ಇದೆ.

"ಇನ್ನೇನು ಅಕ್ರಮ-ಸಕ್ರಮ ಬರುತ್ತೆ" ಎಂದು ಪಕ್ಕದವರು ಹೇಳಿದರೆ ನಂಬಬೇಡಿ, ನೀವೂ ನಿಮ್ಮ ಬಚ್ಚಲಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಆ ಯೋಜನೆ ಲೆಕ್ಕಕ್ಕೆ ತೆಗೆದುಕೊಂಡದ್ದು 2013ರ ಅಕ್ಟೋಬರ್ 19ಕ್ಕೆ ಮುಂಚಿನ ಉಲ್ಲಂಘನೆಗಳನ್ನು, ಅದೂ ವಾಸದ ಕಟ್ಟಡಕ್ಕೆ ಶೇ 50, ವಾಸೇತರಕ್ಕೆ ಶೇ 25ರ ಮಿತಿಯೊಳಗೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಎರಡು ವರ್ಷದ ಹಿಂದೆ ಎದ್ದ ಕಟ್ಟಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಈ ಎಲ್ಲ ನಡೆಯುವಾಗ ರಾತ್ರಿ ನಿದ್ದೆ ಮಾಡಬೇಕಲ್ಲ. ಸದ್ದಿಗೆ ಬೇರೆಯೇ ಕಾನೂನಿದೆ, ಅದು ಬೇಗ ಓಡುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಮುಚ್ಚಿದ ಸಭಾಂಗಣದ ಒಳಗಷ್ಟೇ ಕೇಳುವ ಬಳಕೆಯಂಥ ಕೆಲವು ವಿನಾಯಿತಿ ಬಿಟ್ಟರೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. ಪ್ರತಿ ಸಲ 112ಕ್ಕೆ ಕರೆ ಮಾಡಿ, ಸಮಯ ಬರೆದಿಡಿ. ಡಿಜೆ ನಿಲ್ಲುವುದಷ್ಟೇ ಲಾಭವಲ್ಲ. ಆ ಪಟ್ಟಿ ಮುಂದೆ ಉಪವಿಭಾಗದ ದಂಡಾಧಿಕಾರಿಗಳ ಮುಂದೆ ಸಾರ್ವಜನಿಕ ಉಪದ್ರವದ ಅರ್ಜಿ ಹಾಕಲೂ ಆಗುತ್ತದೆ, ರಿಟ್‌ಗೆ ಅನುಬಂಧವೂ ಆಗುತ್ತದೆ.

ನನ್ನ ಕಕ್ಷಿದಾರರಿಗೆ ನಾನು ಕೇಳುವ ಇನ್ನೊಂದು ಪ್ರಶ್ನೆ ನಿಮಗೂ ಕೇಳುತ್ತೇನೆ. ನಿಮಗೆ ಬೇಕಿರುವುದು ಆ ಕಟ್ಟಡ ಬೀಳುವುದೋ, ಸದ್ದು ಮತ್ತು ಕಾರು ನಿಲ್ಲುವುದೋ? ಪಿಜಿಯಲ್ಲಿರುವ ಮಕ್ಕಳಿಂದ ನಿಮಗೆ ತೊಂದರೆ ಇದೆ ಎಂದು ನೀವು ಎಲ್ಲೂ ಬರೆದಿಲ್ಲ. ನಮ್ಮ ಹಳೇ ಪೇಟೆಗಳಲ್ಲಿ ಮುಂದೆ ಅಂಗಡಿ ಹಿಂದೆ ಮನೆ ಇಟ್ಟುಕೊಂಡು ತಲೆಮಾರುಗಟ್ಟಲೆ ಬಾಳಿದ್ದೇವೆ, ಎಲ್ಲ ವ್ಯಾಪಾರವನ್ನೂ ಬಡಾವಣೆಯಿಂದ ಅಟ್ಟಬೇಕು ಎನ್ನುವ ಪೈಕಿ ನಾನಲ್ಲ. ಪ್ರಾಧಿಕಾರದ ನೋಟಿಸ್ ಹೋದ ಮೇಲೆ ಪಕ್ಕದವರು ಮಾತಿಗೆ ಬರುತ್ತಾರೆ, ಅದಕ್ಕೆ ಮುಂಚೆ ಬರುವುದಿಲ್ಲ. ಬಂದಾಗ ಹಾಲ್ ಮುಚ್ಚಿ, ಪಿಜಿಗೆ ನಿಯಮದ ಪ್ರಕಾರ ಅನುಮತಿ ಪಡೆದು, ಜನರೇಟರನ್ನು ನಿಮ್ಮ ಗೋಡೆಯಿಂದ ದೂರ ಸರಿಸಿದರೆ ಸಾಕೇ ಎಂದು ಮನೆಯವರೆಲ್ಲ ಕೂತು ಈಗಲೇ ತೀರ್ಮಾನಿಸಿಕೊಳ್ಳಿ. ಗೋಡೆ ಹಂಚಿಕೊಂಡವರ ಜತೆ ಇನ್ನೂ ಇಪ್ಪತ್ತು ವರ್ಷ ಬದುಕಬೇಕು.

ಕೊನೆಗೆ ಪಾರ್ಕು. ಇದರಲ್ಲಿ ನಿಮ್ಮ ಕೈ ಹೆಚ್ಚು ಗಟ್ಟಿಯಿದೆ, ಒಂದು ಷರತ್ತಿನ ಮೇಲೆ: ಅದು ನಿಜಕ್ಕೂ ಪಾರ್ಕ್ ಆಗಿರಬೇಕು. ಬಡಾವಣೆಯಲ್ಲಿ ಖಾಲಿ ಬಿದ್ದ ಜಾಗಕ್ಕೆಲ್ಲ ಜನ ಪಾರ್ಕ್ ಎಂದುಬಿಡುತ್ತಾರೆ. ಅನುಮೋದಿತ ನಕ್ಷೆಯಲ್ಲಿ ಆ ತುಂಡಿನ ಮೇಲೆ "ಉದ್ಯಾನವನ" ಎಂದಿದೆಯೋ "ಸಿಎ" ಎಂದಿದೆಯೋ ನೋಡಬೇಕು. ಸಿಎ ಎಂದರೆ ನಾಗರಿಕ ಸೌಲಭ್ಯ ನಿವೇಶನ. ಶಾಲೆ, ಆಸ್ಪತ್ರೆ, ಸಮುದಾಯದ ಚಟುವಟಿಕೆಯ ಕಟ್ಟಡಕ್ಕೆ ಅದನ್ನು ಕ್ರಮಬದ್ಧವಾಗಿ ಹಂಚಲು ಅವಕಾಶವಿದೆ. ಅಂಥ ಕಡೆ ಹಂಚಿಕೆಯ ವಿಧಾನ ಸರಿಯಿತ್ತೇ ಎಂದು ಮಾತ್ರ ಪ್ರಶ್ನಿಸಬಹುದು, ಭವನವೇ ಬೇಡ ಎನ್ನಲಾಗದು. ಪಾರ್ಕ್ ಎಂದಿದ್ದರೆ ಕತೆ ಬೇರೆ.

ಆ ಬೇರೆ ಕತೆ ನಡೆದದ್ದು ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಮುಖ್ಯಮಂತ್ರಿಗಳ ಆದೇಶದ ಮೇರೆಗೆ ಒಂದು ಖಾಸಗಿ ಟ್ರಸ್ಟಿಗೆ ನರ್ಸಿಂಗ್ ಹೋಮ್ ಕಟ್ಟಲು ಕೊಡಲಾಯಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಎಂದೇ ಹೆಸರಾದ ತೀರ್ಪಿನಲ್ಲಿ ಕೋರ್ಟು ನಿವಾಸಿಗಳ ಪರ ನಿಂತಿತು. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೇ ಎಂಬ ವಾದ ಅಲ್ಲಿ ಬಂದಿತ್ತು. ಬಡಾವಣೆಯ ಉಸಿರಾಟಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್ ತುಂಬಿಕೊಡಲಾರದು ಎಂಬ ನಿಲುವು ಕೋರ್ಟಿನದು. ಅದಕ್ಕಿಂತ ನಮಗೆ ಉಪಯೋಗವಾದದ್ದು ಇನ್ನೊಂದು ಭಾಗ: ಆ ಬಡಾವಣೆಯ ನಿವಾಸಿಗೆ ಇದನ್ನು ಕೇಳುವ ಹಕ್ಕಿದೆ ಎಂಬುದು. "ನಿಮ್ಮ ಸೈಟಿಗೇನು ನಷ್ಟ?" ಎಂದು ಯಾರಾದರೂ ಕೇಳಿದರೆ ಇಂದಿಗೂ ನಾವು ತೆಗೆದು ತೋರಿಸುವುದು ಆ ಪುಟವನ್ನೇ. ಪಾರ್ಕುಗಳ ರಕ್ಷಣೆಗೆಂದೇ 1985ರ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆಯೂ ಇದೆ.

ನಾಲ್ಕನೇ ಮಾಹಿತಿ ಹಕ್ಕು ಅರ್ಜಿಯಲ್ಲಿ ಎರಡು ಕಾಗದ ಕೇಳಿ: ಬಡಾವಣೆಯ ಅನುಮೋದಿತ ನಕ್ಷೆ, ಮತ್ತು ಪಾರ್ಕು ರಸ್ತೆಗಳನ್ನು ಬಡಾವಣೆ ಮಾಡಿದವರು ಬಿಟ್ಟುಕೊಟ್ಟ ನೋಂದಾಯಿತ ಪರಿತ್ಯಾಜನ ಪತ್ರ. ಎರಡನೆಯದು ಮುಖ್ಯ. ಖಾಸಗಿ ಬಡಾವಣೆಗಳಲ್ಲಿ ನಕ್ಷೆಯಲ್ಲಿ ಪಾರ್ಕು ಹಸಿರಾಗಿ ನಗುತ್ತಿರುತ್ತದೆ, ಪಹಣಿಯಲ್ಲೋ ಖಾತೆಯಲ್ಲೋ ಇನ್ನೂ ಹಳೇ ಮಾಲೀಕರ ಹೆಸರೇ ಉಳಿದಿರುತ್ತದೆ. ಹತ್ತು ಹದಿನೈದು ವರ್ಷ ಬಿಟ್ಟು ಅವರ ಮಕ್ಕಳು ಅದನ್ನು ಮಾರಲು ನಿಲ್ಲುತ್ತಾರೆ ಅಥವಾ ಯಾವುದೋ ಸಂಘಕ್ಕೆ "ದಾನ" ಮಾಡುತ್ತಾರೆ. ಪರಿತ್ಯಾಜನ ಪತ್ರ ಆಗಿಲ್ಲ ಎಂದು ತಿಳಿದರೆ, ನಿಮ್ಮ ನಿವಾಸಿಗಳ ಸಂಘದ ಲೆಟರ್‌ಹೆಡ್‌ನಲ್ಲಿ ಪ್ರಾಧಿಕಾರಕ್ಕೂ ಉಪನೋಂದಣಾಧಿಕಾರಿಗಳಿಗೂ ತಕ್ಷಣ ಬರೆಯಿರಿ, ನಕ್ಷೆ ಲಗತ್ತಿಸಿ. ಸಂಘ ನೋಂದಣಿ ಆಗಿಲ್ಲವಾದರೆ ಐದಾರು ಮನೆಯವರು ಸ್ವಂತ ಹೆಸರಿನಲ್ಲೇ ಬರೆಯಬಹುದು, ನೋಂದಣಿಗೆ ಕಾಯುತ್ತಾ ಕೂರಬೇಡಿ.

ನಕ್ಷೆ ಸಿಕ್ಕ ದಿನ ಟೇಪು ಹಿಡಿದು ಆ ಜಾಗವನ್ನು ಒಮ್ಮೆ ಅಳೆದು ಬನ್ನಿ. ನಕ್ಷೆಯಲ್ಲಿರುವ ಅಳತೆಗೂ ನೆಲದ ಮೇಲಿನ ಅಳತೆಗೂ ನಾಲ್ಕೈದು ಅಡಿ ವ್ಯತ್ಯಾಸ ಬಂದರೆ, ಅಂಚಿನ ಮನೆಗಳವರ ಕಾಂಪೌಂಡನ್ನೂ ನೋಡಿ. ಅವರೂ ನಿಮ್ಮ ಅರ್ಜಿಗೆ ಸಹಿ ಹಾಕಲು ಮುಂದೆ ಬಂದವರೇ ಆಗಿರಬಹುದು.